ಸ್ವಯಂಚಾಲಿತ ಗೇರ್‌ಬಾಕ್ಸ್ ಜಾರುವಿಕೆ

ಸ್ವಯಂಚಾಲಿತ ಗೇರ್‌ಬಾಕ್ಸ್ ಜಾರುವಿಕೆ ಎಂದರೆ ಎಂಜಿನ್ನಿನ ಶಕ್ತಿಯು ಪೂರ್ಣವಾಗಿ ಚಕ್ರಗಳನ್ನು ತಲುಪದೆ ಗೇರ್‌ಬಾಕ್ಸಿನೊಳಗೇ ಶಾಖವಾಗಿ ವ್ಯಯವಾಗುವ ದೋಷ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರುತ್ತದೆ. ಕಾರಿನ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಏರುದಾರಿಯಲ್ಲಿ ಮತ್ತು ಮುಂದಿನ ವಾಹನವನ್ನು ಹಿಂದಿಕ್ಕುವಾಗ ಇದು ಅಪಾಯಕಾರಿ.

ಕಾರಣ

ಈ ಬಗೆಯ ಗೇರ್‌ಬಾಕ್ಸಿನಲ್ಲಿ ಪಂಪು ಒದಗಿಸುವ ಆಯಿಲ್ ಒತ್ತಡವು ಕ್ಲಚ್ ತಟ್ಟೆಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಒತ್ತಡ ಕುಗ್ಗಿದರೆ ಅಥವಾ ತಟ್ಟೆಗಳು ಸವೆದರೆ ಹಿಡಿತ ಸಡಿಲುತ್ತದೆ. ಆದ್ದರಿಂದ ಪರೀಕ್ಷೆಯ ಮುಖ್ಯ ಉದ್ದೇಶ ಈ ಎರಡರಲ್ಲಿ ದೋಷ ಯಾವುದೆಂದು ಬೇರ್ಪಡಿಸುವುದು. ಮೊದಲನೆಯದು ಅನೇಕ ವೇಳೆ ಅಲ್ಪ ವೆಚ್ಚದಲ್ಲಿ ಸರಿಹೋಗುತ್ತದೆ. ಎರಡನೆಯದಕ್ಕೆ ಗೇರ್‌ಬಾಕ್ಸನ್ನು ಬಿಚ್ಚಲೇಬೇಕು. ನಿಂತ ಕಾರು ಹೊರಡುವಾಗ ಟಾರ್ಕ್ ಕನ್ವರ್ಟರಿನಲ್ಲಿ ಕಾಣುವ ಅಲ್ಪ ಜಾರುವಿಕೆ ಸಹಜವಾದುದು, ದೋಷವಲ್ಲ.

ಆಯಿಲ್ ಪರೀಕ್ಷೆ

ಅಳತೆ ಕಡ್ಡಿಯಿರುವ ಬಹುತೇಕ ಕಾರುಗಳಲ್ಲಿ ಸಮತಟ್ಟಾದ ನೆಲದ ಮೇಲೆ, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ, ಗೇರ್ ಲಿವರನ್ನು ಪಾರ್ಕ್ ಸ್ಥಾನದಲ್ಲಿಟ್ಟು ಅಳತೆ ಕಡ್ಡಿಯಿಂದ ಆಯಿಲ್ ಮಟ್ಟ ನೋಡಬೇಕು. ಕೆಲವು ತಯಾರಕರ ಕ್ರಮ ಬೇರೆಯಾದುದರಿಂದ ಕಾರಿನ ಕೈಪಿಡಿಯೇ ಪ್ರಮಾಣ. ಆಯಿಲ್ ಕಡಿಮೆಯಾದರೆ ಪಂಪು ಗಾಳಿಯನ್ನು ಎಳೆಯುತ್ತದೆ. ಅತಿಯಾದರೆ ನೊರೆ ಬರುತ್ತದೆ. ಎರಡೂ ಜಾರುವಿಕೆಗೆ ದಾರಿ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ತಟ್ಟೆಗಳು ಸುಟ್ಟಿರುವ ಸಂಭವ ಹೆಚ್ಚು. ತಳದ ತಟ್ಟೆಯಲ್ಲಿ ತೆಳುವಾದ ಬೂದುಬಣ್ಣದ ಕೆಸರು ಸಾಮಾನ್ಯ. ಕಪ್ಪು ಚಕ್ಕೆಗಳೂ ಲೋಹದ ಚೂರುಗಳೂ ಆಂತರಿಕ ಹಾನಿಯ ಗುರುತು.

ಒಂದು ನಿದರ್ಶನ

ಜನರಲ್ ಮೋಟಾರ್ಸ್ ಸಂಸ್ಥೆಯು 1969ರ ಮಾದರಿಗಳಿಂದ ಬಳಸಿದ ಟರ್ಬೊ ಹೈಡ್ರಾಮ್ಯಾಟಿಕ್ 350 ಮೂರು ಗೇರುಗಳ ಪೆಟ್ಟಿಗೆ. ಇದರ ಡೈರೆಕ್ಟ್ ಕ್ಲಚ್ ಮೂರನೆಯ ಗೇರಿನಲ್ಲಿಯೂ ರಿವರ್ಸಿನಲ್ಲಿಯೂ ಕೆಲಸ ಮಾಡುತ್ತದೆ. ಮೊದಲೆರಡು ಗೇರುಗಳು ಸರಿಯಿದ್ದು ಈ ಎರಡರಲ್ಲಿ ಮಾತ್ರ ಜಾರಿದರೆ ಸಂಶಯ ಆ ಕ್ಲಚ್ಚಿನ ಮೇಲೆ ಬೀಳುತ್ತದೆ. ಎಲ್ಲ ಗೇರುಗಳಲ್ಲಿಯೂ ಜಾರಿದರೆ ಮೊದಲು ಆಯಿಲ್ ಮಟ್ಟ, ಫಿಲ್ಟರ್ ಮತ್ತು ಒತ್ತಡವನ್ನು ನೋಡಬೇಕು. ಇದರ ವ್ಯಾಕ್ಯೂಮ್ ಮಾಡ್ಯುಲೇಟರಿನ ಪೊರೆ ಹರಿದರೆ ಗೇರ್‌ಬಾಕ್ಸಿನ ಆಯಿಲನ್ನು ಎಂಜಿನ್ ಹೀರಿಕೊಂಡು ಸುಡುತ್ತದೆ. ಆಗ ನೆಲದ ಮೇಲೆ ಸೋರಿಕೆ ಕಾಣದಿದ್ದರೂ ಆಯಿಲ್ ಇಳಿಯುತ್ತದೆ; ಹೊಗೆನಳಿಕೆಯಿಂದ ಬಿಳಿ ಹೊಗೆ ಬರುತ್ತದೆ. ಈ ಭಾಗವನ್ನು ಹೊರಗಿನಿಂದಲೇ ಬದಲಿಸಬಹುದು.

ಒತ್ತಡ ಪರೀಕ್ಷೆ

ಗೇರ್‌ಬಾಕ್ಸಿನ ಪರೀಕ್ಷಾ ರಂಧ್ರಕ್ಕೆ ಒತ್ತಡಮಾಪಕ ಜೋಡಿಸಿ ದೊರೆತ ಅಂಕಿಯನ್ನು ಕೈಪಿಡಿಯೊಂದಿಗೆ ಹೋಲಿಸುತ್ತಾರೆ. ಒತ್ತಡ ಕಡಿಮೆಯಿದ್ದರೆ ಫಿಲ್ಟರ್, ಪಂಪು, ನಿಯಂತ್ರಕ ಕವಾಟ ಅಥವಾ ಒಳಸೋರಿಕೆ ಕಾರಣವಾಗಿರಬಹುದು. ಒತ್ತಡ ಸರಿಯಿದ್ದೂ ಜಾರಿದರೆ ತಟ್ಟೆಗಳ ಸವೆತವೇ ಪ್ರಬಲ ಕಾರಣ. ಬ್ರೇಕ್ ಒತ್ತಿ ಆಕ್ಸಿಲರೇಟರನ್ನು ಪೂರ್ಣ ತುಳಿಯುವ ಸ್ಟಾಲ್ ಪರೀಕ್ಷೆಯನ್ನು ಅನುಭವಿ ಮೆಕ್ಯಾನಿಕ್ ಮಾತ್ರ, 5 ಸೆಕೆಂಡು ಮೀರದಂತೆ ನಡೆಸಬೇಕು. ಆಯಿಲ್ ಅತಿ ಶೀಘ್ರವಾಗಿ ಕಾಯುತ್ತದೆ.

ಜಾರುತ್ತಿರುವ ಕಾರನ್ನು ಓಡಿಸುತ್ತಲೇ ಇದ್ದರೆ ಶಾಖದಿಂದ ಉಳಿದ ತಟ್ಟೆಗಳೂ ಸೀಲುಗಳೂ ಕೆಡುತ್ತವೆ. ಮೊದಲ ಲಕ್ಷಣದಲ್ಲಿಯೇ ಪರೀಕ್ಷಿಸಿದರೆ ದೊಡ್ಡ ದುರಸ್ತಿಯನ್ನು ತಪ್ಪಿಸಲು ಅವಕಾಶವಿದೆ.