ಸರ್ಕಾರದ ಹಡಗೂ ಪ್ರಜೆಯ ದಾವೆಯೂ

ಬಿಡದಿಯ ಹೆಸರೆತ್ತಿ ಸಮುದ್ರದ ವ್ಯಾಜ್ಯವನ್ನು ಕುರಿತು ಮಾತನಾಡುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಅಲ್ಲಿ ನೀರೆಂದರೆ ಕೆರೆಯ ನೀರು. ದಾರಿಯೆಂದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆ ಮತ್ತು ರೈಲು. ಆದರೂ ನೆರೆಯ ಚನ್ನಪಟ್ಟಣದ ಅರಗಿನ ಬೊಂಬೆಗಳು ಪರದೇಶಗಳಿಗೆ ಹೋಗುವುದುಂಟು. ಅಂತಹ ಸರಕನ್ನು ಹೊತ್ತ ಹಡಗಿಗೆ ಸರ್ಕಾರದ ಹಡಗೊಂದು ಬಂದು ತಗುಲಿ, ಸರಕೆಲ್ಲ ನೀರುಪಾಲಾಯಿತೆಂದು ಭಾವಿಸೋಣ. ಬಿಡದಿಯ ವರ್ತಕನು ಯಾರ ಮೇಲೆ ದಾವೆ ಹೂಡಬೇಕು? ದೊರೆಯೇ ತಪ್ಪಿದರೆ ದೂರು ಯಾರಿಗೆ ಎಂಬ ಹಳೆಯ ಪ್ರಶ್ನೆಯೇ ಇದು.

ನೌಕಾನ್ಯಾಯದಲ್ಲಿ ಒಂದು ವಿಶೇಷವುಂಟು. ಹಡಗಿನ ಯಜಮಾನನು ದೂರದೇಶದಲ್ಲಿರುತ್ತಾನೆ. ಹಡಗಾದರೋ ಇಂದು ಬಂದು ನಾಳೆ ಹೋಗುವುದು. ಆದಕಾರಣ ನ್ಯಾಯಾಲಯವು ಹಡಗನ್ನೇ ಪ್ರತಿವಾದಿಯೆಂದೆಣಿಸಿ ಬಂದರಿನಲ್ಲಿ ತಡೆದು ನಿಲ್ಲಿಸುತ್ತದೆ. ಜಾಮೀನು ದೊರೆತರೆ ಬಿಡುಗಡೆ.

ಹಡಗು ರಾಜನದಾದರೆ? 1878ರಲ್ಲಿ ಬೆಲ್ಜಿಯಂ ದೊರೆಯ ಟಪಾಲು ಹಡಗಾದ ‘ಪಾರ್ಲಮಾಂ ಬೆಲ್ಜ್’ ಡೋವರಿನ ಬಳಿ ‘ಡೇರಿಂಗ್’ ಎಂಬ ಎಳೆಹಡಗಿಗೆ ಬಡಿಯಿತು. ಮೊದಲು ವಿಚಾರಿಸಿದ ಸರ್ ರಾಬರ್ಟ್ ಫಿಲಿಮೋರ್ ಅವರು ದಾವೆ ನಡೆಯಬಹುದೆಂದರು. 1880ರಲ್ಲಿ ಮೇಲಿನ ನ್ಯಾಯಾಲಯವು, ಪರರಾಜನ ಸಾರ್ವಜನಿಕ ಹಡಗನ್ನು ಹಿಡಿಯಲಾಗದೆಂದು ತೀರ್ಪಿತ್ತಿತು.

ನಮ್ಮ ದೇಶದಲ್ಲಿ ದಾರಿ ತೋರಿದುದು ಹಡಗುಗಳ ಡಿಕ್ಕಿಯಲ್ಲ, ಒಂದು ಕುದುರೆಯ ಗಾಯ. ಕಲ್ಕತ್ತೆಯ ಕಿದರ್‌ಪುರದಲ್ಲಿ ಸರ್ಕಾರದ ಹಡಗುಕಟ್ಟೆಯಿದ್ದಿತು. ಅದರ ಕೂಲಿಗಳು ಉಗಿಹಡಗಿನ ಹೊಗೆಕೊಳವೆಗೆ ಸೇರಿದ ಕಬ್ಬಿಣದ ಭಾಗವೊಂದನ್ನು ರಸ್ತೆಯಲ್ಲಿ ಹೊತ್ತು ಸಾಗುತ್ತಿದ್ದರು. ಪಿ ಅಂಡ್ ಓ ಹಡಗು ಕಂಪನಿಯ ಗಾಡಿ ಸಮೀಪಿಸಲು, ಅವರು ಗಾಬರಿಯಿಂದ ಅದನ್ನು ಕೆಳಗೆ ಹಾಕಿದರು. ಸದ್ದಿಗೆ ಬೆದರಿ ಕುದುರೆಗಳು ಮುನ್ನುಗ್ಗಿದುವು, ಒಂದಕ್ಕೆ ಗಾಯವಾಯಿತು. ಕೇಳಿದ ಪರಿಹಾರ 350 ರೂಪಾಯಿ. 1861ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕ್ ಅವರು, ಖಾಸಗಿಯವರೂ ನಡೆಸಬಹುದಾದ ಉದ್ಯಮವನ್ನು ಸರ್ಕಾರವು ನಡೆಸಿದಾಗ ನೌಕರರ ಅಜಾಗರೂಕತೆಗೆ ಸರ್ಕಾರವೇ ಹೊಣೆಯೆಂದೂ, ರಾಜಾಧಿಕಾರದ ಕಾರ್ಯಗಳಿಗೆ ಮಾತ್ರ ಆ ಹೊಣೆಯಿಲ್ಲವೆಂದೂ ನಿರ್ಣಯಿಸಿದರು. ಸಂವಿಧಾನದ 300ನೆಯ ವಿಧಿಯು ಸರ್ಕಾರದ ಮೇಲೆ ದಾವೆ ಹೂಡುವ ಆ ಹಳೆಯ ಹಕ್ಕನ್ನು ಉಳಿಸಿಕೊಂಡಿತು.

2017ರ ನೌಕಾನ್ಯಾಯದ ಅಧಿನಿಯಮವು 2018ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಿಂದ ಕರ್ನಾಟಕದ ಹೈಕೋರ್ಟಿಗೂ ಈ ಅಧಿಕಾರವು ಲಭಿಸಿತು. ಮಂಗಳೂರಿನ ಬಂದರಿನಲ್ಲಿರುವ ಹಡಗನ್ನು ಇಂದು ಬೆಂಗಳೂರಿನ ಆಜ್ಞೆಯಿಂದ ತಡೆಯಬಹುದು. ಆದರೆ ಯುದ್ಧನೌಕೆಗಳಿಗೂ, ವಾಣಿಜ್ಯಕ್ಕಲ್ಲದೆ ಅನ್ಯಕಾರ್ಯಕ್ಕೆ ಬಳಸುವ ಸರ್ಕಾರಿ ಹಡಗುಗಳಿಗೂ ಈ ಅಧಿನಿಯಮವು ಅನ್ವಯಿಸದು.

ನಮ್ಮ ವರ್ತಕನಿಗೆ ಉತ್ತರವೇನು? ಡಿಕ್ಕಿ ಹೊಡೆದ ಸರ್ಕಾರಿ ಹಡಗು ವ್ಯಾಪಾರದಲ್ಲಿ ತೊಡಗಿದ್ದರೆ ಅದನ್ನು ತಡೆಯುವಂತೆ ಕೇಳಬಹುದು. ಕಾವಲು ಹಡಗಾಗಿದ್ದರೆ ಹಡಗಿಗೆ ಕೈ ಹಚ್ಚುವಂತಿಲ್ಲ. ಎರಡು ತಿಂಗಳ ನೋಟೀಸು ಕೊಟ್ಟು ಸರ್ಕಾರದ ಮೇಲೆಯೇ ಸಾಧಾರಣ ದಾವೆ ಹೂಡಬೇಕು. ಅಲ್ಲಿಯೂ ರಾಜಾಧಿಕಾರದ ಆ ಹಳೆಯ ಗುರಾಣಿಯನ್ನು ಸರ್ಕಾರವು ಮುಂದೊಡ್ಡಬಹುದು. ಹಡಗುಗಳ ಒಡೆಯರಾದ ಕಂಪನಿಯವರು 350 ರೂಪಾಯಿಗಾಗಿ ಮೇಲಿನ ನ್ಯಾಯಾಲಯದವರೆಗೆ ಹೋಗಬಲ್ಲವರಾಗಿದ್ದರು. ಒಂದು ಪೆಟ್ಟಿಗೆ ಬೊಂಬೆಯನ್ನು ಕಳೆದುಕೊಂಡವನು ಅಷ್ಟು ದೂರ ನಡೆಯಬಲ್ಲನೇ? ಕಾನೂನು ಬಾಗಿಲನ್ನು ತೆರೆದಿದೆಯೆಂದು ಸಂತೋಷಪಡುವ ನಾವು, ಬಾಗಿಲವರೆಗಿನ ದಾರಿಯನ್ನೂ ಅಳೆದು ನೋಡಬೇಕು.