ಹೆತ್ತ ದಿನ, ಬರೆದ ದಿನ

ಜರ್ಮನಿಯಲ್ಲಿ ವಾಸಿಸಲು ಪರವಾನಗಿ ಬೇಕೆಂದು ಹೊರಟವರು ಮೊದಲು ಅಲೆಯಬೇಕಾದದ್ದು ಮಳವಳ್ಳಿಯ ಕೋರ್ಟಿಗೆ ಎಂದರೆ ನೀವು ನಗಬಹುದು. ನನ್ನ ತಂಗಿಯ ವಿಷಯದಲ್ಲಿ ಆದದ್ದು ಹಾಗೆಯೇ.

2000ದ ಆಗಸ್ಟ್ 1ರಿಂದ ಜರ್ಮನ್ ಸರ್ಕಾರ ಹೊರದೇಶದ ಕಂಪ್ಯೂಟರ್ ತಜ್ಞರಿಗೆ ಬಾಗಿಲು ತೆರೆಯಿತು. ಅಮೆರಿಕದವರನ್ನು ನೋಡಿ ಅವರೂ ಅದನ್ನು ‘ಗ್ರೀನ್ ಕಾರ್ಡ್’ ಎಂದರು. ಒಟ್ಟು 20,000 ಜನ, ಹೆಚ್ಚೆಂದರೆ 5 ವರ್ಷ. ‘ಇಂಡಿಯಾದವರ ಬದಲು ನಮ್ಮ ಮಕ್ಕಳು’ ಎಂಬರ್ಥದ ಘೋಷಣೆಯೂ ಅಲ್ಲಿ ಕೇಳಿಬಂತು. ಅದರ ನಡುವೆಯೇ ತಂಗಿಯ ಗಂಡನಿಗೆ ಕೆಲಸ ಸಿಕ್ಕಿತು. ಅವರು 2001ರಲ್ಲಿ ಹೊರಟುಹೋದರು. ಹಿಂದೆ ಹೋಗಬೇಕಾದ ಇವಳಿಗೆ ಕಾಗದಗಳ ಪಟ್ಟಿ ಬಂತು.

ಅವಳ ಮದುವೆಯಾದದ್ದು 1995ರಲ್ಲಿ, ಮದ್ದೂರಿನ ಒಂದು ಛತ್ರದಲ್ಲಿ. ಸಾವಿರ ಜನ ಉಂಡು ಹೋಗಿದ್ದರು. ಆದರೆ ಸರ್ಕಾರದ ಪುಸ್ತಕದಲ್ಲಿ ಒಂದು ಸಾಲಿರಲಿಲ್ಲ. ನಮ್ಮ ರಾಜ್ಯದಲ್ಲಿ ಮದುವೆ ನೋಂದಣಿಗೆ 1976ರ ಕಾಯಿದೆಯೇ ಇತ್ತು, ಕೇಳಿದವರು ಯಾರು? (ಎಲ್ಲ ಮದುವೆಗಳೂ ನೋಂದಣಿಯಾಗಲೇಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2006ರಲ್ಲಿ.) ಲಗ್ನಪತ್ರಿಕೆ, ಧಾರೆಯ ಫೋಟೊ, ಮೂವರು ಸಾಕ್ಷಿಗಳು ಎಂದು ಹೇಗೋ ಆ ಕೆಲಸ ಮುಗಿಯಿತು. ಕಷ್ಟವಾದದ್ದು ಹುಟ್ಟಿದ್ದಕ್ಕೆ ಕಾಗದ ಒದಗಿಸುವುದು.

ಜನನ ಮರಣ ನೋಂದಣಿ ಕಾಯಿದೆ 1969ರದು. ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ತಂಗಿ ಹುಟ್ಟಿದ್ದು 1971ರಲ್ಲಿ, ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ, ತಾತನ ಮನೆಯ ನಡುಮನೆಯಲ್ಲಿ. ಕಾಯಿದೆ ಇತ್ತು, ಬರೆದುಕೊಳ್ಳುವವರೂ ಇದ್ದರು. ಹೆಣ್ಣು ಹುಟ್ಟಿತೆಂದು ಹೋಗಿ ಬರೆಸಬೇಕೆಂದು ಮನೆಯಲ್ಲಿ ಯಾರಿಗೂ ತೋಚಿರಲಿಲ್ಲ. ಎರಡು ವರ್ಷದ ಮೇಲೆ ತಮ್ಮ ಹುಟ್ಟಿದಾಗ ತಾತ ತಾವೇ ನಡೆದುಹೋಗಿ ಬರೆಸಿ, ಊರಿಗೆಲ್ಲ ಸಕ್ಕರೆ ಹಂಚಿದರಂತೆ. ತಮ್ಮನ ಕಾಗದ ಅರ್ಧ ಗಂಟೆಯಲ್ಲಿ ಸಿಕ್ಕಿತು. ತಂಗಿಗೆ ಸಿಕ್ಕಿದ್ದು ‘ದಾಖಲೆ ಲಭ್ಯವಿಲ್ಲ’ ಎಂಬ 10ನೇ ನಮೂನೆ.

ಒಂದು ವರ್ಷ ದಾಟಿದ ಜನನವನ್ನು ಬರೆಸಬೇಕಾದರೆ ಆಗ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯಾದ ಮೇಲೆ ಅದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಹೋಗಿದೆ. ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆಸಿ ಅರ್ಜಿ ಹಾಕಿದೆವು. ಸಾಕ್ಷಿ ಯಾರು? ಸೂಲಗಿತ್ತಿ ತೀರಿಕೊಂಡಿದ್ದಳು. ಉಳಿದವಳು ಅಮ್ಮ.

ಇಲ್ಲೊಂದು ತೊಡಕಿತ್ತು. ಶಾಲೆಗೆ ಸೇರಿಸಿದಾಗ ಮೇಷ್ಟ್ರು ತಂಗಿಯ ಹುಟ್ಟಿದ ದಿನವನ್ನು ಜೂನ್ 1 ಎಂದು ಬರೆದುಕೊಂಡಿದ್ದರು. ನಮ್ಮ ಕಾಲದ ಎಷ್ಟೋ ಮಕ್ಕಳು ಹೀಗೆ ಶಾಲೆ ಬಾಗಿಲು ತೆರೆಯುವ ದಿನವೇ ಹುಟ್ಟಿದವರು! 1989ರ ಜನವರಿ 26ಕ್ಕೆ ಮೊದಲು ಹುಟ್ಟಿದವರಿಗೆ ಶಾಲೆಯ ಪತ್ರವೇ ಸಾಕಾಗಿದ್ದರಿಂದ ಪಾಸ್‌ಪೋರ್ಟಿನಲ್ಲೂ ಅದೇ ತಾರೀಖು. ಅಮ್ಮನಿಗೆ ಗೊತ್ತಿದ್ದದ್ದು ದೀಪಾವಳಿ ಕಳೆದ ಎಂಟನೆಯ ದಿನ. ಕಟಕಟೆಯಲ್ಲಿ ತಾರೀಖು ಕೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಹೆತ್ತ ದಿವ್ಸ ಬ್ಯಾರೆ, ಮೇಷ್ಟ್ರು ಬರ್ಕೊಂಡ ದಿವ್ಸ ಬ್ಯಾರೆ. ನಿಮ್ಗೆ ಯಾವ್ದು ಬೇಕು ಸ್ವಾಮಿ?” ಎಂದರು.

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಶಾಲೆಯ ದಾಖಲಾತಿ ಪುಸ್ತಕ ತರಿಸಿ ನೋಡಿ, ಅದರಂತೆಯೇ ಆದೇಶವಾಯಿತು. ಜೂನ್ 1 ಗೆದ್ದಿತು.

ಈ ಅಲೆದಾಟದಲ್ಲಿ ನನಗೆ ಪದೇಪದೇ ನೆನಪಾಗುತ್ತಿದ್ದವರು ನಮ್ಮ ಸೀಮೆಗೆ ಹೊರಗಿನಿಂದ ಬಂದವರು. ಮಳವಳ್ಳಿಯ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹರಿದಾಗ ಅಲ್ಲಿ ತಿರುಗಿದ್ದು ಸ್ವಿಟ್ಜರ್ಲೆಂಡಿನ ಚಕ್ರಗಳು, ಅಮೆರಿಕದ ಯಂತ್ರಗಳು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಾರಣರಾದ ಲೆಸ್ಲಿ ಕೋಲ್ಮನ್ ಕೆನಡಾದವರು, ಜರ್ಮನಿಯ ಗಟಿಂಗೆನ್‌ನಲ್ಲಿ ಓದಿದವರು. ಮೈಸೂರು ಸಂಸ್ಥಾನಕ್ಕೆ ಬಂದದ್ದು 1908ರಲ್ಲಿ. ಭಾರತಕ್ಕೆ ಬರುವವರ ಕೈಯಲ್ಲಿ ಪಾಸ್‌ಪೋರ್ಟ್ ಇರಬೇಕೆಂಬ ಕಾಯಿದೆಯಾದದ್ದು 1920ರಲ್ಲಿ! ಜಗತ್ತಿನ ಈ ಕಾಗದದ ಬೇಲಿಗಳೆಲ್ಲ ಬಿಗಿಯಾದದ್ದು ಮೊದಲನೆಯ ಮಹಾಯುದ್ಧದ ಈಚೆಗೆ. ಅದಿರಲಿ, ನಮ್ಮಜ್ಜಿಯಂತೂ ಹೊಸಿಲು ದಾಟದೆಯೇ ಜಿಲ್ಲೆ ಬದಲಿಸಿದವರು. ಹುಟ್ಟಿದ್ದು ಮೈಸೂರು ಜಿಲ್ಲೆಯಲ್ಲಿ. 1939ರಲ್ಲಿ ಮಂಡ್ಯ ಜಿಲ್ಲೆಯಾದಾಗ ಅದೇ ಮನೆಯಲ್ಲಿ ಕುಳಿತು ಮಂಡ್ಯದವರಾದರು.

ಆದೇಶ ಸಿಕ್ಕಿತೆಂದು ಕಥೆ ಮುಗಿಯಲಿಲ್ಲ. ನಮ್ಮ ದೇಶದ ಕಾಗದಗಳನ್ನು ಜರ್ಮನಿಯವರು ಮುದ್ರೆ ನೋಡಿದ ಮಾತ್ರಕ್ಕೆ ಒಪ್ಪುವುದಿಲ್ಲ. 2005ರಲ್ಲಿ ಭಾರತ ಹೇಗ್ ಒಪ್ಪಂದಕ್ಕೆ ಸೇರಿದ ಮೇಲೂ ಆಕ್ಷೇಪ ಎತ್ತಿದ ದೇಶ ಅದು. ಅನುಮಾನ ಬಂದರೆ ವಕೀಲರನ್ನು ಕಳಿಸಿ ಪರಿಶೀಲಿಸುತ್ತಾರೆ. ನಮ್ಮೂರಿಗೂ ಒಬ್ಬರು ಬಂದರು. ಶಾಲೆಯ ಪುಸ್ತಕ ನೋಡಿದರು. ಪಕ್ಕದ ಮನೆಯ ಅತ್ತೆಮ್ಮನನ್ನು ಕೇಳಿದರು. ಅವರು ತಂಗಿಯ ಬಾಲ್ಯದ ತಂಟೆಗಳನ್ನೆಲ್ಲ ಒಂದು ಗಂಟೆ ಹೇಳಿ, ಮಜ್ಜಿಗೆ ಕುಡಿಸಿ ಕಳಿಸಿದರು. ಆಗ ನಮ್ಮ ರಾಜ್ಯದವರು ವೀಸಾಕ್ಕೆ ಚೆನ್ನೈಗೆ ಹೋಗಬೇಕಿತ್ತು. 2002ರಲ್ಲಿ ಅದೂ ಆಯಿತು.

ಅಲ್ಲಿಗೆ ಹೋದ ಮೇಲೆ ಊರಿನ ಕಚೇರಿಯಲ್ಲಿ ವಿಳಾಸ ಬರೆಸಿ, ಆಮೇಲೆ ಪರದೇಶಿಗಳ ಕಚೇರಿಗೆ ಬಾಡಿಗೆ ಕರಾರು, ಗಂಡನ ಸಂಬಳದ ಚೀಟಿ, ಆರೋಗ್ಯ ವಿಮೆ ಎಲ್ಲ ಒಪ್ಪಿಸಬೇಕು. ನಮಗೆ ಮನೆತನದ ಹೆಸರಿಲ್ಲ, ಇರುವುದು ಇನ್ಷಿಯಲ್. ಅದನ್ನು ಬಿಡಿಸಿ ಬರೆದು ಅಪ್ಪನ ಹೆಸರೇ ಅವಳ ಮನೆತನವಾಯಿತು. “ಅಕ್ಕ, ಸರದಿ ಬಂದಾಗ ಇಲ್ಲಿ ಅಪ್ಪನನ್ನೇ ಕೂಗ್ತಾರೆ” ಎಂದು ಫೋನಿನಲ್ಲಿ ಹೇಳಿದಳು. ಅಪ್ಪ ಹೋಗಿ ಆಗ ಆರು ವರ್ಷವಾಗಿತ್ತು.

ಅವಳ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಪರವಾನಗಿ ಗಂಡನ ಪರವಾನಗಿಗೆ ಗಂಟುಹಾಕಿದ್ದು. ಸಂಸಾರ ಮುರಿದರೆ? ಹೆಣ್ಣುಮಕ್ಕಳು ಇದನ್ನು ಕೇಳಿ ತಿಳಿದಿರಬೇಕು. ಹೆಂಡತಿಗೆ ತನ್ನದೇ ಹಕ್ಕಿನಲ್ಲಿ ಅಲ್ಲಿ ಉಳಿಯಲು ಮೊದಲು 4 ವರ್ಷದ ಸಂಸಾರ ಅಲ್ಲಿ ನಡೆದಿರಬೇಕಿತ್ತು. 2000ದಲ್ಲಿ ಅದನ್ನು 2 ವರ್ಷಕ್ಕೆ ಇಳಿಸಿದರು, 2011ರಲ್ಲಿ ಮತ್ತೆ 3ಕ್ಕೆ ಏರಿಸಿದರು. ತೀರ ಕ್ರೂರವಾದ ಸಂದರ್ಭಗಳಲ್ಲಿ ವಿನಾಯಿತಿ ಉಂಟು. ತಂಗಿಗೆ ಅಂಥ ಗತಿ ಬರಲಿಲ್ಲ. ಆದರೂ ಜರ್ಮನ್ ಭಾಷೆ ಕಲಿತು, ಪರೀಕ್ಷೆ ಪಾಸು ಮಾಡಿ, ಕಾಯಂ ಆಗಿ ನೆಲೆಸುವ ಪರವಾನಗಿಯನ್ನು ತನ್ನದೇ ಹೆಸರಿನಲ್ಲಿ ಪಡೆದಳು. 2011ರಿಂದ ಅಲ್ಲಿ ಅದು ಕಾರ್ಡಿನ ರೂಪದಲ್ಲಿ ಬರುತ್ತದೆ, ಬೆರಳಚ್ಚೂ ಅದರೊಳಗೇ.

ಜೂನ್ 1ರಂದು ಅವಳ ಆಫೀಸಿನವರು ಹೂ ಕೊಟ್ಟು ಶುಭಾಶಯ ಹೇಳುತ್ತಾರೆ. ಅಮ್ಮ ಬದುಕಿರುವಷ್ಟು ಕಾಲ ಆ ದಿನ ಫೋನ್ ಮಾಡಿದವರಲ್ಲ. ದೀಪಾವಳಿ ಕಳೆದ ಎಂಟನೆಯ ದಿನ ಬೆಳಗ್ಗೆಯೇ ಎದ್ದು, ಅಲ್ಲಿ ಇನ್ನೂ ನಡುರಾತ್ರಿ ಎಂದು ನಾವೆಷ್ಟು ಹೇಳಿದರೂ ಕೇಳದೆ, ಮಾಡುತ್ತಿದ್ದರು.