ಗ್ರಂಥಸ್ವಾಮ್ಯವೂ ಮುಕ್ತ ಅನುಮತಿಪತ್ರವೂ

ಪರದೇಶದ ಕಾನೂನನ್ನು ನಮ್ಮ ನಾಡಿಗೆ ಹೊಂದಿಸಿಕೊಳ್ಳುವ ಕಾರ್ಯವು ಹೊಸದೇನಲ್ಲ. ಇಂಗ್ಲೆಂಡಿನ ೧೯೧೧ರ ಗ್ರಂಥಸ್ವಾಮ್ಯ ಶಾಸನವನ್ನು ೧೯೧೪ರಲ್ಲಿ ಹಿಂದುಸ್ಥಾನಕ್ಕೆ ಅನ್ವಯಿಸಿದಾಗ ಒಂದು ವಿಶೇಷ ಮಾರ್ಪಾಡು ಮಾಡಲ್ಪಟ್ಟಿತು. ಇಲ್ಲಿ ಪ್ರಥಮತಃ ಪ್ರಕಟವಾದ ಗ್ರಂಥದ ಭಾಷಾಂತರದ ಹಕ್ಕು ಕರ್ತೃವಿಗೆ ಹತ್ತು ವರ್ಷ ಮಾತ್ರ ಮೀಸಲು. ಅಷ್ಟರೊಳಗೆ ಆತನು ಯಾವ ಭಾಷೆಯಲ್ಲಿ ಭಾಷಾಂತರವನ್ನು ಪ್ರಕಟಿಸದಿರುವನೋ ಆ ಭಾಷೆಯವರು ತರುವಾಯ ಸ್ವತಂತ್ರರು. ಬಹುಭಾಷೆಗಳ ದೇಶಕ್ಕೆ ಇದು ತಕ್ಕ ತಿದ್ದುಪಡಿಯೇ ಸರಿ. ಆಗ ವಿಜಾಪುರ ಜಿಲ್ಲೆಗೆ ಸೇರಿದ್ದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳು ಈ ಶಾಸನಕ್ಕೆ ಒಳಪಟ್ಟಿದ್ದುವು. ನೆರೆಯ ಮುಧೋಳ, ಜಮಖಂಡಿಗಳು ಸಂಸ್ಥಾನಗಳಾದುದರಿಂದ ಅವುಗಳ ಮಾತು ಬೇರೆ.

ಸ್ವತಂತ್ರ ಭಾರತದ ೧೯೫೭ರ ಶಾಸನವು ಸ್ವಾಮ್ಯವನ್ನು ಕರ್ತೃವಿನ ಮರಣಾನಂತರ ೫೦ ವರ್ಷಕ್ಕೆ ನಿಲ್ಲಿಸಿತ್ತು. ೧೯೯೨ರಲ್ಲಿ ಅದು ೬೦ ಆಯಿತು. ತಾಳೆಯೋಲೆಗಳಿಂದ ವಚನಗಳನ್ನು ಉದ್ಧರಿಸಿದ ಫ. ಗು. ಹಳಕಟ್ಟಿಯವರು ೧೯೬೪ರಲ್ಲಿ ಕಾಲವಾದರು. ಅವರ ಜೀವಿತದಲ್ಲಿ ಪ್ರಕಟವಾದ ಸ್ವಂತ ಬರಹಗಳು ೨೦೨೪ರ ಅಂತ್ಯಕ್ಕೆ ಬಂಧಮುಕ್ತವಾದುವು. ಅಷ್ಟು ಕಾಲ ಎಷ್ಟು ಪುಸ್ತಕಗಳು ಗೆದ್ದಲಿಗೆ ಉಳಿದಾವು?

ಈ ಕಾಲವಿಳಂಬವನ್ನು ತಪ್ಪಿಸಲು ಅಮೆರಿಕದಲ್ಲಿ ೨೦೦೧ರಲ್ಲಿ ಹುಟ್ಟಿದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯು ಮುಕ್ತ ಅನುಮತಿಪತ್ರಗಳನ್ನು ರಚಿಸಿತು. ಸ್ವಾಮ್ಯವನ್ನು ತನ್ನಲ್ಲಿಯೇ ಇಟ್ಟುಕೊಂಡು, ಕೆಲವು ನಿಬಂಧನೆಗಳ ಮೇಲೆ ಸರ್ವರಿಗೂ ಬಳಕೆಯ ಅಪ್ಪಣೆಯೀಯುವುದೇ ಇವುಗಳ ತತ್ತ್ವ. ೨೦೧೪ರಲ್ಲಿ ನಿರಂಜನರ ಕುಟುಂಬದವರು ಅವರ ಕೃತಿಗಳನ್ನೂ, ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನೂ ಹೀಗೆಯೇ ಕನ್ನಡಿಗರಿಗೆ ಒಪ್ಪಿಸಿದರು. ನಿರಂಜನರು ತೀರಿಕೊಂಡುದು ೧೯೯೨ರಲ್ಲಿ; ಶಾಸನದಂತೆ ಕಾದಿದ್ದರೆ ೨೦೫೨ರ ಅಂತ್ಯದವರೆಗೆ ಕಾಯಬೇಕಿತ್ತು.

ಆದರೆ ಅಮೆರಿಕದ ಮಾತು ಇಲ್ಲಿಯ ನ್ಯಾಯಾಲಯದಲ್ಲಿ ನಿಲ್ಲಬೇಕಲ್ಲವೆ? ಇಳಕಲ್ಲಿನ ನೇಕಾರನು ಸೀರೆಯ ಒಡಲಿಗೆ ಸೆರಗನ್ನು ಕೊಂಡಿಯಿಂದ ಕೂಡಿಸುವಂತೆ, ಕಾನೂನುಬಲ್ಲವರು ಆ ಪತ್ರವನ್ನು ಇಲ್ಲಿಯ ಶಾಸನಕ್ಕೆ ಕೂಡಿಸಬೇಕಾಯಿತು. ೨೦೦೭ರ ಜನವರಿಯಲ್ಲಿ ಮುಂಬಯಿಯ ಐಐಟಿಯಲ್ಲಿ ಭಾರತದ ಆವೃತ್ತಿ ಹೊರಬಂದಿತು. ಆದರೂ ನಮ್ಮ ಶಾಸನದ ೩೦ನೆಯ ಕಲಮು ಒಡೆಯನ ರುಜುವಿರುವ ಲಿಖಿತ ಪತ್ರವನ್ನೇ ಅಪೇಕ್ಷಿಸುತ್ತಿತ್ತು. ಲೋಕಕ್ಕೆಲ್ಲ ಸಾರಿದ ಅಪ್ಪಣೆಗೆ ರುಜು ಎಲ್ಲಿಂದ ಬರಬೇಕು? ೨೦೧೨ರ ತಿದ್ದುಪಡಿಯು ರುಜುವಿನ ಮಾತನ್ನು ತೆಗೆದುಹಾಕಿ, ಬರೆವಣಿಗೆಯನ್ನು ಮಾತ್ರ ಉಳಿಸಿತು. ೨೦೧೩ರ ನಾಲ್ಕನೆಯ ಆವೃತ್ತಿಯು ಸರ್ವದೇಶಗಳಿಗೂ ಒಂದೇ ಪಾಠವಾಗುವಂತೆ ರಚಿತವಾಯಿತು.

ಗ್ರಂಥಕರ್ತನ ಹೆಸರಿನ ಹಕ್ಕು, ಕೃತಿಯನ್ನು ವಿಕಾರಗೊಳಿಸಿ ಆತನ ಗೌರವಕ್ಕೆ ಕುಂದು ತಂದರೆ ತಡೆಯುವ ಹಕ್ಕು, ಇವೆರಡೂ ೫೭ನೆಯ ಕಲಮಿನಂತೆ ಸ್ವಾಮ್ಯವನ್ನು ಮಾರಿದ ಮೇಲೂ ಉಳಿಯುತ್ತವೆ. ಕೂಡಲಸಂಗಮದ ಸೀಮೆಯಲ್ಲಿ ಅಂಕಿತವನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಹಿರಿಯರು ಬರೆದ ಪುಸ್ತಕದ ಪ್ರತಿಯೊಂದೇ ಉಳಿದಿರುವ ವಾಚಕರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ಕೈಬರಹದಲ್ಲಿ “ಯಾರು ಬೇಕಾದರೂ ಅಚ್ಚುಹಾಕಿಸಲಿ” ಎಂದಷ್ಟೇ ಬರೆದುಕೊಟ್ಟರೆ ಸಾಲದು. ಅವಧಿಯನ್ನು ಹೇಳದಿದ್ದಲ್ಲಿ ಅಪ್ಪಣೆಯು ಐದು ವರ್ಷಕ್ಕೆ ಮುಗಿಯಿತೆಂದೂ, ಪ್ರದೇಶವನ್ನು ಹೇಳದಿದ್ದಲ್ಲಿ ಭಾರತಕ್ಕೆ ಮಾತ್ರವೆಂದೂ ಶಾಸನವು ಭಾವಿಸುತ್ತದೆ. ಮುಕ್ತ ಪತ್ರದಲ್ಲಿ ಸ್ವಾಮ್ಯವಿರುವಷ್ಟು ಕಾಲ, ಲೋಕದಾದ್ಯಂತ ಎಂಬೆರಡೂ ಸ್ಪಷ್ಟವಾಗಿವೆ. ವಾರಸುದಾರರು ಹಲವರಿದ್ದರೆ ಎಲ್ಲರ ಒಪ್ಪಿಗೆಯನ್ನು ಪಡೆಯುವುದು ಯುಕ್ತ; ಸ್ವಾಮ್ಯವನ್ನು ಹಿಂದೆಯೇ ಪ್ರಕಾಶಕರಿಗೆ ಮಾರಿದ್ದಾರೆಯೋ ಎಂಬುದನ್ನು ಹಳೆಯ ಕಾಗದಪತ್ರಗಳಲ್ಲಿ ಮೊದಲು ನೋಡಬೇಕು.